ಲಗ್ನಪತ್ರಿಕೆಯ ವೇಷದ ಮಾರೀಚ

ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದರೆ ನ್ಯೂಜಿಲೆಂಡಿನಲ್ಲಿರುವ ನಮಗೆಲ್ಲ ಅವರ ಪ್ರಯಾಣದ ಚಿಂತೆಗಿಂತ ಅವರ ಸೂಟ್‌ಕೇಸಿನ ಚಿಂತೆಯೇ ಹೆಚ್ಚು. ಫೋನಿನಲ್ಲಿ ಹತ್ತು ಸಲ ಹೇಳಿರುತ್ತೇವೆ: ತಿನ್ನುವ ಪದಾರ್ಥ ಏನೇ ಇರಲಿ, 'ಇದೆ' ಎಂದೇ ಬರೆಯಬೇಕು, 'ಇಲ್ಲ' ಎಂದು ಬರೆದು ಸಿಕ್ಕಿಹಾಕಿಕೊಂಡರೆ ನಿಂತ ನಿಲುವಿನಲ್ಲೇ 400 ಡಾಲರ್ ದಂಡ. 2018ರಲ್ಲಿ ನಮ್ಮಮ್ಮ ಶಿವಮೊಗ್ಗದಿಂದ ಮೊದಲ ಸಲ ಬಂದಾಗ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಈ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದರು. ಚಟ್ನಿಪುಡಿ, ಹುಳಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಸಂಕ್ರಾಂತಿಯ ಎಳ್ಳು ಬೀರುವವರಂತೆ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟರಂತೆ. ಕೊನೆಗೆ ಉಳಿದದ್ದು ಒಂದು ಸಣ್ಣ ಗಂಟು. ಹಿಂದಿನ ಬೀದಿಯ ಟೀಚರಮ್ಮ, ಹ್ಯಾಮಿಲ್ಟನ್ನಿನಲ್ಲಿರುವ ತಮ್ಮ ನಾದಿನಿಗೆ ತಲುಪಿಸಿ ಎಂದು ಕೊಟ್ಟದ್ದು.

"ಇದರಲ್ಲೇನಿದೆ?" ಎಂದು ಅಧಿಕಾರಿ ಕೇಳಿದಳು. ಅಮ್ಮನಿಗೆ ಗೊತ್ತಿಲ್ಲ. ಬಿಚ್ಚಿದರೆ ಕರಿಬೇವಿನ ಬೀಜ! ಅಮ್ಮ ಮೊದಲೇ ಎಲ್ಲವನ್ನೂ ಘೋಷಿಸಿದ್ದರಿಂದ ದಂಡ ಬೀಳಲಿಲ್ಲ, ಬೀಜ ಮಾತ್ರ ಕಸದ ಡಬ್ಬಿ ಸೇರಿತು. ಮನೆಗೆ ಬರುವ ದಾರಿಯಲ್ಲಿ ಅಮ್ಮ ಹೇಳಿದ್ದು ನನಗಿನ್ನೂ ನೆನಪಿದೆ. "ಕೊಟ್ಟೋರು ಯಾರು ಅಂತ ನೋಡಿದೆ ಕಣೇ, ಒಳಗೇನಿದೆ ಅಂತ ನೋಡ್ಲಿಲ್ಲ."

ನಮ್ಮ ಕೂಟದ ಸಂಪಾದಕರು, "ನೀವು ಕಂಪ್ಯೂಟರಿನವರು, ಈ ಸಲದ ಸಂಚಿಕೆಗೆ ವೈರಸ್ ಬಗ್ಗೆ ಎಲ್ಲರಿಗೂ ಅರ್ಥವಾಗುವಂತೆ ಏನಾದರೂ ಬರೆದುಕೊಡಿ" ಎಂದಾಗ ನನಗೆ ಮೊದಲು ಹೊಳೆದದ್ದು ಅಮ್ಮನ ಆ ಮಾತು. ಯಾಕೆಂದರೆ ಏಳು ವರ್ಷದ ನಂತರ, ಅದೇ ಟೀಚರಮ್ಮನ ಹೆಸರಿನಲ್ಲಿ ಇನ್ನೊಂದು ಗಂಟು ಅಮ್ಮನ ಕೈಸೇರಿತು. ಆ ಸಲ ಒಳಗೇನಿದೆ ಎಂದು ಕೇಳಲು ಮೇಜಿನ ಆಚೆ ಯಾರೂ ಇರಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ವೈರಸ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಅಮೆರಿಕವೋ ರಷ್ಯವೋ. ಆದರೆ ಜಗತ್ತನ್ನೆಲ್ಲ ಸುತ್ತಿದ ಮೊದಲ ಕೆಲವು ವೈರಸ್‌ಗಳಲ್ಲಿ ಒಂದು ನಮ್ಮ ಈ ಪುಟ್ಟ ದೇಶದ ಕೂಸು. ಅದರ ಹೆಸರು 'ಸ್ಟೋನ್ಡ್'. 1987ರಲ್ಲಿ ವೆಲಿಂಗ್ಟನ್ನಿನ ಒಬ್ಬ ವಿದ್ಯಾರ್ಥಿ ಬರೆದದ್ದೆಂದು ಹೇಳುತ್ತಾರೆ. ಆಗ ಅಂತರ್ಜಾಲ ಎಲ್ಲಿತ್ತು? ಇದ್ದದ್ದು ಫ್ಲಾಪಿ. ನಮ್ಮಲ್ಲಿ ನಲವತ್ತು ದಾಟಿದವರಿಗೆ ಆ ಚೌಕದ ತಟ್ಟೆ ನೆನಪಿರಬೇಕು; ಮಕ್ಕಳಿಗೆ ತೋರಿಸಿದರೆ 'ಸೇವ್ ಗುಂಡಿಯ ಚಿತ್ರ' ಎನ್ನುತ್ತಾರೆ. ಯಂತ್ರ ಚಾಲೂ ಆಗುವಾಗ ಫ್ಲಾಪಿಯ ಮೊಟ್ಟಮೊದಲ ತುಣುಕನ್ನು ಕಣ್ಣುಮುಚ್ಚಿ ಓದಿ, ಅದು ಹೇಳಿದಂತೆ ಮಾಡುತ್ತಿತ್ತು. ಸ್ಟೋನ್ಡ್ ಅಲ್ಲಿ ಕುಳಿತಿದ್ದ ಅಸಲಿ ತುಣುಕನ್ನು ಬೇರೆ ಕಡೆಗೆ ಎತ್ತಿಟ್ಟು, ತಾನು ಆ ಜಾಗದಲ್ಲಿ ಕೂರುತ್ತಿತ್ತು. ಮೊದಲು ತನ್ನ ಕೆಲಸ ಮುಗಿಸಿ, ಆಮೇಲೆ ಅಸಲಿಯನ್ನು ಕರೆಯುತ್ತಿತ್ತು. ಯಂತ್ರ ಎಂದಿನಂತೆ ಚಾಲೂ ಆಗುತ್ತಿತ್ತಾದ್ದರಿಂದ ಯಾರಿಗೂ ಅನುಮಾನವಿಲ್ಲ. ಆ ಮೇಲೆ ಆ ಯಂತ್ರಕ್ಕೆ ಹಾಕಿದ ಫ್ಲಾಪಿಗಳಿಗೆಲ್ಲ ಅಂಟು. ಸರಿಸುಮಾರು ಎಂಟು ಸಲಕ್ಕೊಮ್ಮೆ ಮಾತ್ರ ಪರದೆಯ ಮೇಲೆ 'ನಿಮ್ಮ ಕಂಪ್ಯೂಟರಿಗೆ ಈಗ ನಶೆ ಏರಿದೆ' ಎಂಬರ್ಥದ ಸಾಲು ಮೂಡುತ್ತಿತ್ತು. ಅದರ ಒಡಲೊಳಗೆ ಗಾಂಜಾವನ್ನು ಕಾನೂನುಬದ್ಧಗೊಳಿಸಿ ಎಂಬ ಒತ್ತಾಯವೂ ಇತ್ತು.

ತಮಾಷೆಗೆ ಬರೆದದ್ದಿರಬಹುದು. ಆದರೆ ಆ ಅಸಲಿ ತುಣುಕನ್ನು ಎತ್ತಿಟ್ಟಿದ್ದು ಫ್ಲಾಪಿಯ ಕಡತಗಳ ಪಟ್ಟಿ ಇರುವ ಜಾಗದ ಕೊನೆಯಲ್ಲಿ. ಪಟ್ಟಿ ಉದ್ದವಿದ್ದವರ ಕಡತಗಳು ಹಾಗೇ ಮಾಯ! ಬರೆದವನಿಗೆ ಆ ಉದ್ದೇಶ ಇರಲಿಕ್ಕಿಲ್ಲ. ಅದರ ಸಂತಾನವಂತೂ ಇನ್ನೂ ಕೆಟ್ಟದಾಯಿತು. 1991ರಲ್ಲಿ ಕಂಡುಬಂದ 'ಮೈಕೆಲ್ಯಾಂಜೆಲೊ' ಸ್ಟೋನ್ಡ್‌ನಿಂದಲೇ ಹುಟ್ಟಿದ್ದು. ಪ್ರತಿ ಮಾರ್ಚ್ 6ರಂದು, ಆ ಶಿಲ್ಪಿಯ ಹುಟ್ಟುಹಬ್ಬದ ದಿನ, ಡಿಸ್ಕನ್ನು ಅಳಿಸಿಹಾಕುತ್ತಿತ್ತು. 1992ರಲ್ಲಿ ಲಕ್ಷಾಂತರ ಯಂತ್ರಗಳು ಸಾಯುತ್ತವೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು, ಸತ್ತದ್ದು ಸಾವಿರಗಳ ಲೆಕ್ಕದಲ್ಲಿ. 2007ರಲ್ಲಿ ಜರ್ಮನಿ ಮತ್ತು ಡೆನ್ಮಾರ್ಕಿನಲ್ಲಿ ಮಾರಾಟವಾದ ಹೊಚ್ಚಹೊಸ ಲ್ಯಾಪ್‌ಟಾಪುಗಳಲ್ಲಿ 'ಸ್ಟೋನ್ಡ್ ಏಂಜಲೀನಾ' ಪತ್ತೆಯಾಯಿತು, ಹತ್ತು ವರ್ಷ ದಾಟಿದ ಮುದುಕ! ನಮ್ಮ ನೆರೆಯ ಪಾಕಿಸ್ತಾನದ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು 1986ರಲ್ಲೇ 'ಬ್ರೈನ್' ಎಂಬ ವೈರಸ್ ಬರೆದು, ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಹಾಕಿದ್ದರು. ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರಿಗೆ ಬುದ್ಧಿ ಕಲಿಸುವುದು ಅವರ ಉದ್ದೇಶವಾಗಿತ್ತಂತೆ. ಇಂದಿನ ಕಳ್ಳರ ಪಕ್ಕದಲ್ಲಿ ನಿಲ್ಲಿಸಿದರೆ ಎಂಥ ಸಭ್ಯರು ಅನ್ನಿಸುತ್ತದೆ.

ನಾನು ಇಲ್ಲಿ ಗಮನಿಸುವುದು ಒಂದೇ ವಿಷಯ. ಸ್ಟೋನ್ಡ್ ಯಾರ ಮನೆಯ ಬಾಗಿಲನ್ನೂ ಒಡೆಯಲಿಲ್ಲ. ಗೆಳೆಯ ಗೆಳೆಯನಿಗೆ, ಮೇಷ್ಟ್ರು ವಿದ್ಯಾರ್ಥಿಗೆ, ಕಚೇರಿಯವನು ಮನೆಗೆ ಕೈಯಾರೆ ಕೊಟ್ಟ ಫ್ಲಾಪಿಯಲ್ಲಿ ಕುಳಿತು ಅದು ಭೂಮಿ ಸುತ್ತಿತು.

ಪಾರಿಭಾಷಿಕ ಪದಗಳನ್ನು ಬೇಗ ಮುಗಿಸಿಬಿಡೋಣ. ಮಲೆನಾಡಿನವರಿಗೆ ಬದನಿಕೆ ಗೊತ್ತು. ಮಾವಿನ ಮರದ ಕೊಂಬೆಯಲ್ಲಿ ಬೇರೂರಿ ಮರದ ರಸವನ್ನೇ ಹೀರಿ ಬೆಳೆಯುವ ಗಿಡ. ವೈರಸ್ ಎಂದರೆ ಬದನಿಕೆ. ಇನ್ನೊಂದು ತಂತ್ರಾಂಶಕ್ಕೋ ಕಡತಕ್ಕೋ ಅಂಟಿಕೊಂಡೇ ಬದುಕಬೇಕು, ಅದನ್ನು ನೀವು ತೆರೆದಾಗಲೇ ಅದಕ್ಕೆ ಜೀವ. ವರ್ಮ್ ಎಂದರೆ ಹುಳು. ಅದಕ್ಕೆ ಮರದ ಹಂಗಿಲ್ಲ, ಜಾಲದಲ್ಲಿ ತೂತು ಸಿಕ್ಕರೆ ತಾನೇ ತೆವಳಿ ಮುಂದಿನ ಯಂತ್ರಕ್ಕೆ ಹೋಗುತ್ತದೆ. ಇನ್ನು ಟ್ರೋಜನ್. ಗ್ರೀಕರ ಮರದ ಕುದುರೆಯ ಹೆಸರು ಇದಕ್ಕೆ ಇಟ್ಟಿದ್ದಾರೆ, ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮಾರೀಚ ಸಾಕು. ನೋಡಲು ಚಿನ್ನದ ಜಿಂಕೆ, ಒಳಗೆ ರಾಕ್ಷಸ. ಅದನ್ನು ಹಿಡಿದುಕೊಡಿ ಎಂದು ಕೇಳಿದವರು ಮನೆಯವರೇ. ಲಕ್ಷ್ಮಣರೇಖೆಯನ್ನು ದಾಟಿ ಒಳಗೆ ಬರಲು ರಾವಣನಿಂದಲೂ ಆಗಲಿಲ್ಲ. 'ಭವತಿ ಭಿಕ್ಷಾಂದೇಹಿ' ಎಂದು ನಿಂತು ಒಳಗಿದ್ದವರೇ ಹೊರಗೆ ಬರುವಂತೆ ಮಾಡಿದ. ಕಂಪ್ಯೂಟರಿನವರು ಫೈರ್‌ವಾಲ್ ಎನ್ನುವುದು ಈ ರೇಖೆಯನ್ನೇ. ಅದು ಹೊರಗಿನವರನ್ನು ತಡೆಯುತ್ತದೆ, ನಾವೇ ದಾಟಿದರೆ ಅದೇನು ಮಾಡೀತು?

ಮೇ 2000ದಲ್ಲಿ ಮನಿಲಾದಿಂದ ಹೊರಟ 'ಐ ಲವ್ ಯೂ' ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಪರಿಚಿತರ ಇ-ಮೇಲಿನಿಂದ ಪ್ರೇಮಪತ್ರ! ಕಡತದ ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಎಂದಿತ್ತು, ಅಂದರೆ ಬರೀ ಓದುವ ಕಾಗದ. ಅದರ ಹಿಂದೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು, ಅಂದರೆ ಚಾಲೂ ಆಗುವ ಆಜ್ಞೆಗಳ ಕಡತ. ವಿಂಡೋಸ್ ಆ ಬಾಲವನ್ನು ಕಾಣದಂತೆ ಮುಚ್ಚಿಡುತ್ತಿತ್ತು. ತೆರೆದವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅವರದೇ ಹೆಸರಿನಲ್ಲಿ ಮತ್ತೆ ಪ್ರೇಮಪತ್ರ ಹೋಯಿತು, ಬಾಸಿಗೂ ಸೇರಿದಂತೆ. ಬರೆದವನ ಮೇಲೆ ಮೊಕದ್ದಮೆ ನಿಲ್ಲಲಿಲ್ಲ. ಫಿಲಿಪೀನ್ಸಿನಲ್ಲಿ ಆಗ ಅದಕ್ಕೆ ಕಾನೂನೇ ಇರಲಿಲ್ಲ. ಈ ಬಾಲದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾನೂನು ಎಂದಾಗ ನಮ್ಮ ಕೋರಮಂಡಲ್ ಕಡೆಯ ಇನ್ನೊಂದು ಕಥೆ. ವಿಟಿಯಾಂಗಾಕ್ಕೆ ರಜೆಯಲ್ಲಿ ಬಿಸಿನೀರ ಬುಗ್ಗೆಯ ಸಮುದ್ರತೀರ ನೋಡಲು ನಾವೆಲ್ಲ ಹೋದವರೇ. ಅದೇ ಊರಿನ 18 ವರ್ಷದ ಹುಡುಗನೊಬ್ಬನ ಮನೆಗೆ 2007ರ ನವೆಂಬರಿನಲ್ಲಿ ಪೊಲೀಸರು ಬಂದರು. ಅಂತರ್ಜಾಲದಲ್ಲಿ ಅವನ ಹೆಸರು 'ಅಕಿಲ್'. ಅಮೆರಿಕದ ಎಫ್‌ಬಿಐ ಅವನ ಜಾಡು ಹಿಡಿದಿತ್ತು. ಅವನು ಬರೆದ ತಂತ್ರಾಂಶ ಸುಮಾರು 13 ಲಕ್ಷ ಕಂಪ್ಯೂಟರುಗಳೊಳಗೆ ಕುಳಿತಿತ್ತೆಂದು ಲೆಕ್ಕ. ಇಂಥ ಗುಲಾಮ ಯಂತ್ರಗಳ ದಂಡಿಗೆ ಬಾಟ್‌ನೆಟ್ ಎನ್ನುತ್ತಾರೆ. ಯಂತ್ರದ ಯಜಮಾನ ಮಗಳ ಹೋಮ್‌ವರ್ಕ್ ಮಾಡಿಸುತ್ತಿರುತ್ತಾನೆ, ಅದೇ ಹೊತ್ತಿನಲ್ಲಿ ಅವನ ಯಂತ್ರ ಬೇರೆ ಯಾರದೋ ಅಪ್ಪಣೆಯಂತೆ ಜಾಹೀರಾತು ತಂತ್ರಾಂಶ ಹರಡುತ್ತಲೋ, ಕಸದ ಮೇಲ್ ಕಳಿಸುತ್ತಲೋ ಇರುತ್ತದೆ. ಆ ಜಾಲದ ಹೊಡೆತಕ್ಕೆ 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದು ಸರ್ವರ್ ಕುಸಿದುಬಿತ್ತು. ಹುಡುಗ ತಪ್ಪೊಪ್ಪಿಕೊಂಡ. 2008ರ ಜುಲೈನಲ್ಲಿ ಹ್ಯಾಮಿಲ್ಟನ್ ಹೈಕೋರ್ಟ್ ಅವನನ್ನು ಅಪರಾಧಿ ಎಂದು ದಾಖಲಿಸದೆಯೇ ಬಿಡುಗಡೆ ಮಾಡಿತು. 14 ಸಾವಿರ ಡಾಲರಿಗೂ ಮಿಕ್ಕಿ ಕಟ್ಟಬೇಕಾಯಿತು ಅಷ್ಟೆ. ಮುಂದಿನ ವರ್ಷ ಒಂದು ದೂರವಾಣಿ ಸಂಸ್ಥೆ ಅವನನ್ನು ಸುರಕ್ಷತೆಯ ಪಾಠ ಹೇಳಲು ಕರೆಸಿಕೊಂಡಿತು. ಆಗ ನಮ್ಮ ಪಾಟ್‌ಲಕ್ ಊಟಗಳಲ್ಲಿ ಈ ತೀರ್ಪಿನ ಬಗ್ಗೆ ಬಿಸಿಬಿಸಿ ಚರ್ಚೆಯಾಗಿತ್ತು. ಬಿಟ್ಟದ್ದೇ ಸರಿ ಎಂದು ವಾದಿಸಿದವರಲ್ಲಿ ನಾನೂ ಒಬ್ಬಳು. ಈಗ ಕೇಳಿದರೆ ಸ್ವಲ್ಪ ತಡವರಿಸುತ್ತೇನೆ. ಆ 13 ಲಕ್ಷದಲ್ಲಿ ಯಾರ ಅಮ್ಮನ ಯಂತ್ರ ಎಷ್ಟಿತ್ತೋ.

ಹುಡುಗಾಟಿಕೆಯ ಕಾಲ ಮುಗಿದು ಇದು ದಂಧೆಯಾದದ್ದು ನಮ್ಮ ಕಣ್ಣೆದುರಿಗೇ. ವೈಕಾಟೊ ಜಿಲ್ಲಾ ಆರೋಗ್ಯ ಮಂಡಳಿಯನ್ನೇ ನೋಡಿ. 2009ರ ಡಿಸೆಂಬರಿನಲ್ಲಿ 'ಕಾನ್‌ಫಿಕರ್' ಎಂಬ ಹುಳು ಅಲ್ಲಿಗೆ ನುಗ್ಗಿ ಸುಮಾರು 3000 ಕಂಪ್ಯೂಟರುಗಳನ್ನು ನಿಲ್ಲಿಸಬೇಕಾಯಿತು. ಆ ಹುಳು ತೂರುವ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟು ಅಷ್ಟರಲ್ಲಿ ಹದಿನಾಲ್ಕು ತಿಂಗಳಾಗಿತ್ತು. 2021ರ ಮೇ 18ರಂದು ಅದೇ ಮಂಡಳಿಯ ಮೇಲೆ ಎರಗಿದ್ದು ಬೇರೆ ಜಾತಿ, ರಾನ್ಸಮ್‌ವೇರ್. ಇದು ಕಡತಗಳನ್ನು ಕದಿಯುವುದಲ್ಲದೆ ಇದ್ದಲ್ಲೇ ಬೀಗ ಹಾಕಿ, ಕೀಲಿಕೈಗೆ ಹಣ ಕೇಳುತ್ತದೆ. ವೈಕಾಟೊ, ಥೇಮ್ಸ್, ಟೊಕೊರೊವಾ, ಟೆ ಕುಯ್ಟಿ, ಟೌಮರುನುಯಿ ಈ ಐದು ಆಸ್ಪತ್ರೆಗಳಲ್ಲಿ ವೈದ್ಯರು ಕಾಗದ-ಪೆನ್ನು ಹಿಡಿದರು, ಗೋಡೆಯ ಬಿಳಿಹಲಗೆಯ ಮೇಲೆ ರೋಗಿಗಳ ಪಟ್ಟಿ ಬರೆದರು. ವಿಕಿರಣ ಚಿಕಿತ್ಸೆಯ ಕ್ಯಾನ್ಸರ್ ರೋಗಿಗಳನ್ನು ಬೇರೆ ಊರಿಗೆ ಕಳಿಸಬೇಕಾಯಿತು. ಸರ್ಕಾರ ಹಣ ಕೊಡಲಿಲ್ಲ. ಕಳ್ಳರು ರೋಗಿಗಳ, ಸಿಬ್ಬಂದಿಯ ಮಾಹಿತಿಯನ್ನು ಕತ್ತಲಲೋಕದಲ್ಲಿ ಹರಡಿದರು. ಹಣ ಕೊಡದಿದ್ದದ್ದು ಸರಿಯೆಂದೇ ನನ್ನ ಅಭಿಪ್ರಾಯ. ನನ್ನ ಕಡತ ಅದರಲ್ಲಿ ಇದ್ದಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೆನೋ ಇಲ್ಲವೋ.

ಅದೇ ವರ್ಷದ ವಸಂತದಲ್ಲಿ ನಮ್ಮೆಲ್ಲರ ಫೋನಿಗೂ 'ನಿಮ್ಮ ಪಾರ್ಸೆಲ್ ಬಂದಿದೆ, ಈ ಕೊಂಡಿ ಒತ್ತಿ' ಎಂಬ ಸಂದೇಶಗಳು ಸುರಿದವು. ಅದು 'ಫ್ಲೂಬಾಟ್'. ಒತ್ತಿದರೆ ಆಂಡ್ರಾಯ್ಡ್ ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಿತ್ತು, ಹಾಕಿಕೊಂಡರೆ ಬ್ಯಾಂಕಿನ ಗುಟ್ಟು ಕದ್ದು, ನಿಮ್ಮ ಪಟ್ಟಿಯಲ್ಲಿದ್ದವರನ್ನೂ ಬಲೆಗೆ ಕೆಡವಲು ಹೊರಡುತ್ತಿತ್ತು. ಲಾಕ್‌ಡೌನಿನಲ್ಲಿ ಕುಳಿತು ದಿನಕ್ಕೊಂದು ಪಾರ್ಸೆಲ್ ಕಾಯುತ್ತಿದ್ದ ಜನಕ್ಕೆ ಅದಕ್ಕಿಂತ ಒಳ್ಳೆಯ ಚಿನ್ನದ ಜಿಂಕೆ ಯಾವುದಿತ್ತು? ನಾನು ಆಗ ನಮ್ಮ ಕೂಟದವರಿಗೆಲ್ಲ ಫೋನ್ ಮಾಡಿ ಎಚ್ಚರಿಸಿದ್ದೆ. ಶಿವಮೊಗ್ಗಕ್ಕೆ ಮಾತ್ರ ಮಾಡಲಿಲ್ಲ. ಅಮ್ಮನಿಗೆ ಎಲ್ಲಿಯ ಪಾರ್ಸೆಲ್, ಅಂದುಕೊಂಡೆ.

ಈಗ ಆ ಗಂಟಿನ ವಿಷಯ. 2025ರ ಮಾಘಮಾಸ, ಊರಲ್ಲಿ ಮದುವೆಗಳ ಸುಗ್ಗಿ. ಟೀಚರಮ್ಮನ ವಾಟ್ಸ್‌ಆ್ಯಪ್‌ನಿಂದ ಅಮ್ಮನಿಗೆ 'ನಮ್ಮ ಮನೆಯ ಮದುವೆಗೆ ತಪ್ಪದೆ ಬನ್ನಿ' ಎಂಬ ಸಂದೇಶ, ಜೊತೆಗೆ ಲಗ್ನಪತ್ರಿಕೆ. ಟೀಚರಮ್ಮನ ಮಗನಿಗೆ ಹೆಣ್ಣು ನೋಡುತ್ತಿದ್ದದ್ದು ಇಡೀ ಬೀದಿಗೆ ಗೊತ್ತು. ಅಮ್ಮ ಸಂತೋಷದಿಂದ ಒತ್ತಿದರು. ಪತ್ರಿಕೆಯ ಹೆಸರಿನ ಕೊನೆಯಲ್ಲಿದ್ದ ಬಾಲ 'ಎಪಿಕೆ'. ಚಿತ್ರವಾದರೆ 'ಜೆಪಿಜಿ' ಇರಬೇಕು, ಕಾಗದವಾದರೆ 'ಪಿಡಿಎಫ್'. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್‌ನ ಕಟ್ಟು. ಫೋನು ಕೇಳಿತು, ಗೊತ್ತಿಲ್ಲದ ಮೂಲದ ಆ್ಯಪ್ ಹಾಕಲೇ? ಅಲೋ. ಎಸ್‌ಎಂಎಸ್ ಓದಲೇ? ಅಲೋ. ಸಂಪರ್ಕಪಟ್ಟಿ ನೋಡಲೇ? ಅಲೋ. ಪತ್ರಿಕೆ ತೆರೆಯಲೇ ಇಲ್ಲ. ನೆಟ್ ಸರಿಯಿಲ್ಲವೇನೋ ಎಂದು ಅಮ್ಮ ಅಡಿಗೆಮನೆಗೆ ಹೋದರು.

ಆ ರಾತ್ರಿ ಮೂರು ಸಲಕ್ಕೆ ಖಾತೆಯಿಂದ ಒಟ್ಟು 1,40,000 ರೂಪಾಯಿ ಹೋಯಿತು. ಪ್ರತಿ ಸಲವೂ ಬ್ಯಾಂಕು ಒಟಿಪಿ ಕಳಿಸಿತ್ತು. ಅಮ್ಮ ಯಾರಿಗೂ ಒಟಿಪಿ ಹೇಳಲಿಲ್ಲ. ಹೇಳಬಾರದೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಎಸ್‌ಎಂಎಸ್ ಓದುವ ಅಧಿಕಾರ ಪಡೆದ ಆ್ಯಪ್ ಯಾರನ್ನು ಕೇಳಬೇಕು? ಬೆಳಗಾಗುವಷ್ಟರಲ್ಲಿ ಅಮ್ಮನ ಹೆಸರಿನಲ್ಲಿ ನಮ್ಮ ನೆಂಟರಿಷ್ಟರಿಗೆಲ್ಲ ಲಗ್ನಪತ್ರಿಕೆ ಹೋಗಿತ್ತು. ಟೀಚರಮ್ಮನಿಗೂ ಹೀಗೆಯೇ ಇನ್ನಾರದೋ ಪತ್ರಿಕೆ ಬಂದಿತ್ತಂತೆ. ಈ ಮದುವೆ ಕಾಗದದ ಮೋಸದ ಬಗ್ಗೆ ಭಾರತದ ಕೆಲವು ರಾಜ್ಯಗಳ ಪೊಲೀಸರು 2024ರ ಕೊನೆಯಲ್ಲೇ ಎಚ್ಚರಿಸಿದ್ದರು. ನಾನೂ ಓದಿದ್ದೆ.

ನನಗೆ ವಿಷಯ ತಿಳಿದದ್ದು ನಾಲ್ಕು ದಿನದ ಮೇಲೆ, ಅದೂ ಬೆಂಗಳೂರಿನಲ್ಲಿರುವ ನನ್ನ ತಮ್ಮನಿಂದ. ಅವನಿಗೆ ಗೊತ್ತಾದದ್ದು ಅಮ್ಮ ಹಾಲಿನವನಿಗೆ ಕೊಡಲು ಸಾಲ ಕೇಳಿದಾಗ. ನಾನು ಫೋನ್ ಮಾಡಿ, ಹೆದರಿಕೆಗೋ ಸಿಟ್ಟಿಗೋ, "ಏನಮ್ಮಾ, ನೋಡದೆ ಒತ್ತೋದಾ? ಯಾಕೆ ಹೇಳ್ಲಿಲ್ಲ?" ಎಂದು ರೇಗಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹೇಳಿದ್ರೆ ಹೀಗೆ ಬೈತೀಯ ಅಂತಲೇ ಹೇಳ್ಲಿಲ್ಲ ಕಣೇ. ಮತ್ತೆ ನೀನೇ ಹೇಳಿದ್ಯಲ್ಲ, ಅದು ಕೇಳಿದ್ದಕ್ಕೆಲ್ಲ ಅಲೋ ಒತ್ತು ಅಂತ."

ನಿಜ. ಹೇಳಿದ್ದು ನಾನೇ. ಎರಡು ವರ್ಷದ ಹಿಂದೆ ಅಮ್ಮನಿಗೆ ಪಂಚಾಂಗದ ಒಂದು ಆ್ಯಪ್ ಬೇಕಾಗಿತ್ತು. ಅದು ಪ್ಲೇ ಸ್ಟೋರಿನಲ್ಲಿ ಸಿಗದೆ, ಎಲ್ಲಿಂದಲೋ ಎಪಿಕೆ ತಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆ. "ಅದು ಏನೇನೋ ಕೇಳತ್ತೆ, ತಲೆ ಕೆಡಿಸ್ಕೋಬೇಡ, ಎಲ್ಲದಕ್ಕೂ ಅಲೋ ಒತ್ತಮ್ಮ" ಅಂದಿದ್ದೆ. ಆ ಫೋನೂ ನನ್ನದೇ, ಹಳೆಯದು. ನಾವೆಲ್ಲ ಊರಿಗೆ ಹೋಗುವಾಗ ನಮ್ಮ ಹಳೆಯ ಫೋನು, ಲ್ಯಾಪ್‌ಟಾಪುಗಳನ್ನು ಅಪ್ಪ-ಅಮ್ಮನಿಗೆ ಕೊಟ್ಟು ಬರುತ್ತೇವಲ್ಲ, ಹಾಗೆ ಕೊಟ್ಟದ್ದು. ಅದಕ್ಕೆ ತಯಾರಕರಿಂದ ಸುರಕ್ಷತೆಯ ತೇಪೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ವಿಂಡೋಸ್ 10 ಇರುವ ಲ್ಯಾಪ್‌ಟಾಪ್ ಕೊಟ್ಟು ಬಂದವರೂ ಒಮ್ಮೆ ನೋಡಿ. 2025ರ ಅಕ್ಟೋಬರ್ 14ಕ್ಕೆ ಅದರ ಎಂದಿನ ಬೆಂಬಲ ಮುಗಿಯಿತು.

ಆ ಮೇಲೆ ಮಾಡಿದ್ದನ್ನು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಮೊದಲು ಅಮ್ಮನ ಫೋನಿನ ವೈಫೈ, ಸಿಮ್ಮಿನ ನೆಟ್ ಎರಡನ್ನೂ ಆರಿಸಿದೆವು, ಏರೋಪ್ಲೇನ್ ಗುರುತು ಒತ್ತಿದರೆ ಸಾಕು. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡು, ಯುಪಿಐ ನಿಲ್ಲಿಸಿದೆವು. ತಮ್ಮ 1930ಕ್ಕೆ ಫೋನ್ ಮಾಡಿದ. ಭಾರತದಲ್ಲಿ ಸೈಬರ್ ವಂಚನೆಗೆ ಇರುವ ಸಹಾಯವಾಣಿ. ದುಡ್ಡು ಕಳ್ಳರ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ದಾರಿಯಲ್ಲಿ ಇರುವಾಗಲೇ ತಡೆಯುವುದು ಅವರ ಪ್ರಯತ್ನ. ಹಾಗಾಗಿ ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ನಾಲ್ಕನೆಯ ದಿನಕ್ಕೆ ಇರುವುದಿಲ್ಲ. ಸಿಕ್ಕಿದ್ದು 22,000. ಇನ್ನುಳಿದದ್ದು ಹೋಯಿತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಕೈತಪ್ಪಿನಿಂದಾದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದು, ತಿಳಿಸಿದ ಮೇಲಾಗುವ ನಷ್ಟ ಬ್ಯಾಂಕಿನದು. ಫೋನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಪೂರ್ತಿ ಅಳಿಸಿ, ಆಮೇಲೆ ಹೊಸದನ್ನೇ ಕೊಡಿಸಿದೆವು. ಇಲ್ಲಿ ನಮಗೆ ಇಂಥ ಸಂದೇಶ ಬಂದರೆ 7726ಕ್ಕೆ ಕಳಿಸಬಹುದು, ಖರ್ಚಿಲ್ಲ. ದೂರು ಕೊಡಲು ಮೊದಲು ಸರ್ಟ್ ಎನ್‌ಜೆಡ್ ಇತ್ತು, 2023ರಲ್ಲಿ ಅದನ್ನು ರಾಷ್ಟ್ರೀಯ ಸೈಬರ್ ಸುರಕ್ಷತಾ ಕೇಂದ್ರಕ್ಕೆ ಸೇರಿಸಿದರು.

ಅಮ್ಮ ಹೊಸ ಫೋನಿಗೆ ಒಂದು ನಿಯಮ ಮಾಡಿಕೊಂಡಿದ್ದಾರೆ. ಯಾವ ಗಂಟು ಬಂದರೂ ಕಳಿಸಿದವರಿಗೆ ಫೋನ್ ಮಾಡಿ, ಆ ಆಕ್ಲೆಂಡ್ ಅಧಿಕಾರಿಯ ಧಾಟಿಯಲ್ಲೇ, "ಇದರಲ್ಲೇನಿದೆ?" ಎಂದು ಕೇಳುವುದು. ಅವರು ಸಿಗದಿದ್ದರೆ ಪರದೆಯ ಚಿತ್ರ ತೆಗೆದು ನನಗೆ ಕಳಿಸುವುದು. ನಾನೂ ಒಂದು ನಿಯಮ ಮಾಡಿಕೊಂಡಿದ್ದೇನೆ, ರೇಗುವಂತಿಲ್ಲ. ಮೊದಲನೆಯದು ಚೆನ್ನಾಗಿ ನಡೆದಿದೆ. ಎರಡನೆಯದು ಪರವಾಗಿಲ್ಲ.

ಮೊನ್ನೆ ಒಂದು ಲಗ್ನಪತ್ರಿಕೆಯ ಚಿತ್ರ ಬಂತು. "ನೋಡೇ, ಟೀಚರಮ್ಮನ ಮಗನದ್ದಂತೆ. ಅವರು ಫೋನ್ ಎತ್ತುತ್ತಿಲ್ಲ. ಒತ್ಲಾ ಬೇಡ್ವಾ?" ನಾನು ಕೆಲಸದ ಗಡಿಬಿಡಿಯಲ್ಲಿ ಮೂರು ದಿನ ಬಿಟ್ಟು ನೋಡಿದೆ. ಕೊನೆಯ ಬಾಲ ಪಿಡಿಎಫ್; ಟೀಚರಮ್ಮನ ತಂಗಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ. ಪತ್ರಿಕೆ ಅಸಲಿಯೇ. ಆದರೆ ಮದುವೆ ಹಿಂದಿನ ದಿನವೇ ಮುಗಿದಿತ್ತು.